ಕ್ರೋಮ್ ಟ್ಯಾಂಕಿನ ಡಾಕ್ಟ್ರಣ್ಣ

ಡಾಕ್ಟ್ರಣ್ಣ ಯಾವ ಕಾಯಿಲೆಯಿಂದ ಹೋದರು ಎಂದು ಸಾವಿನ ಮನೆಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಮಗಳು ಎದೆನೋವು ಎಂದಳು. ಅವರ ತಮ್ಮ, “ಬೋ ದಿನದಿಂದ ಕೆಮ್ತಿದ್ದ, ಅದೇ ಇರ್ಬೇಕು” ಎಂದ. ಪಕ್ಕದ ಮನೆಯ ಅಜ್ಜಿ, “ವಯಸ್ಸಾಗಿತ್ತು ಕಣವ್ವ, ಇನ್ಯಾವ ಕಾಯ್ಲೆ ಬೇಕು ನಿಂಗೆ” ಎಂದು ನನ್ನನ್ನೇ ಗದರಿಸಿದರು. ಯಾವುದನ್ನು ತಿಂದರೆ ಯಾವ ಅಂಗ ಕೆಡುತ್ತದೆ ಎಂದು ಪೇಪರಿನಲ್ಲಿ ಓದಿ ಓದಿ ಒಂದಿಡೀ ಕಾರ್ಖಾನೆಗೆ ಪಾಠ ಹೇಳಿದ ಮನುಷ್ಯ, ಕಡೆಗೆ ತಾವು ಏತರಿಂದ ಹೋದೆವು ಎಂಬುದನ್ನು ಇತ್ಯರ್ಥ ಮಾಡದೆ ಹೋಗಿಬಿಟ್ಟಿದ್ದರು. ನನಗೆ ಅಳು ಬಂತು, ನಡುವೆ ನಗುವೂ ಬಂತು. ಎರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಬಂದೆ.

ಅವರ ವಿಷಯದಲ್ಲಿ ನನಗೆ ಮೊದಲಿನಿಂದಲೂ ಹೀಗೇ. ಏನು ಅನ್ನಿಸಬೇಕು ಎಂಬುದೇ ಸರಿಯಾಗಿ ತಿಳಿಯುವುದಿಲ್ಲ. ಬರೆದರೆ ತಿಳಿದೀತು ಎಂದು ಈಗ ಕೂತಿದ್ದೇನೆ. ಆ ನಂಬಿಕೆಯೂ ಅಷ್ಟಕ್ಕಷ್ಟೆ.

ಎಂಬತ್ತರ ದಶಕದ ಆರಂಭದಲ್ಲಿ ನಾನು ಪೀಣ್ಯದ ಒಂದು ಪ್ಲೇಟಿಂಗ್ ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿದ್ದೆ. ರಾಜಾಜಿನಗರದಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬಂದು, ತುಮಕೂರು ರಸ್ತೆಯಲ್ಲಿ ಇಳಿದು, ಧೂಳಿನಲ್ಲಿ ಒಂದಷ್ಟು ದೂರ ನಡೆದರೆ ನಮ್ಮ ಶೆಡ್ಡು. ಸೈಕಲ್ಲಿನ ಹ್ಯಾಂಡಲ್ಲು, ಮೊಪೆಡ್ಡಿನ ಸೈಲೆನ್ಸರು, ಕುರ್ಚಿಯ ಕಾಲು, ಹೀಗೆ ಏನು ಬಂದರೂ ಆಸಿಡ್ಡಿನಲ್ಲಿ ತೊಳೆದು, ನಿಕ್ಕಲ್ ಟ್ಯಾಂಕಿನಲ್ಲಿ ಅದ್ದಿ, ಕೊನೆಗೆ ಕ್ರೋಮ್ ಟ್ಯಾಂಕಿನಲ್ಲಿ ಮುಳುಗಿಸಿ ತೆಗೆದು ಮುಖ ಕಾಣುವ ಹಾಗೆ ಹೊಳೆಸಿ ಕಳಿಸುವುದು ನಮ್ಮ ಕಂಪನಿಯ ಕೆಲಸ. ಕ್ರೋಮ್ ಟ್ಯಾಂಕುಗಳು ಎರಡಿದ್ದವು. ಹಳೆಯದರ ಮುಂದೆ ನಿಲ್ಲುತ್ತಿದ್ದವರು ಅವರು. ಬಾಗಲಗುಂಟೆಯ ಒಕ್ಕಲು ಮನೆಯವರು. ರಾಗಿ ಬೆಳೆಯುತ್ತಿದ್ದ ಹೊಲ ಕೈಗಾರಿಕೆಗೆ ಹೋದ ಮೇಲೆ ಊರಿನ ಬಹಳ ಜನರ ಹಾಗೆ ಅವರೂ ಕಾರ್ಖಾನೆಗೆ ಸೇರಿದವರು. ಎತ್ತರದ ಆಳು, ಕಾಕಿ ಚಡ್ಡಿ, ರಬ್ಬರ್ ಬೂಟು, ಬೆರಳ ತುದಿಗಳೆಲ್ಲ ಕ್ರೋಮಿನ ಹಳದಿ. ಆ ಕೈಯಲ್ಲಿ ಮುಖ ಮುಟ್ಟಬಾರದೆಂದು ಮಾತಿಗೆ ಮೊದಲು ಮಣಿಕಟ್ಟಿನಿಂದ ಮೂಗಿನ ತುದಿ ಒರೆಸಿಕೊಳ್ಳುವ ಅಭ್ಯಾಸ ಅವರಿಗಿತ್ತು. ಅವರು ಮಣಿಕಟ್ಟು ಎತ್ತಿದರೆಂದರೆ ಏನೋ ಒಂದು ಸಂಶೋಧನೆ ಹೊರಗೆ ಬರುತ್ತದೆ ಎಂದು ನಮಗೆ ಗೊತ್ತಾಗುತ್ತಿತ್ತು.

ಆಫೀಸಿಗೆ ಒಂದು ಕನ್ನಡ ಪೇಪರ್ ಬರುತ್ತಿತ್ತು. ಅದನ್ನು ಮೊದಲು ಮ್ಯಾನೇಜರು, ಆಮೇಲೆ ಅಕೌಂಟೆಂಟು, ಆಮೇಲೆ ನಾನು ಓದಬೇಕು. ವಾರಕ್ಕೊಮ್ಮೆ ಬರುವ ಆರೋಗ್ಯದ ಪುಟ ಮಾತ್ರ ಊಟದ ಹೊತ್ತಿಗೆ ಅವರ ಪಾಲು. ಬೂಟು ಬಾಗಿಲಲ್ಲೇ ಬಿಟ್ಟು ಒಳಗೆ ಬಂದು, “ಮೇಡಮ್ಮೋರೇ, ಈ ವಾರ ಏನ್ ಬಂದೈತೆ?” ಎನ್ನುವರು. ನನಗೆ ಆಗ ಬಾಯಿ ಸ್ವಲ್ಪ ಜಾಸ್ತಿ. “ಈ ವಾರ ಊಟ ಮಾಡಬಾರದು ಅಂತ ಬಂದಿದೆ ಡಾಕ್ಟ್ರಣ್ಣ” ಎಂದರೆ, “ಅಂಗಂದವ್ರಾ?” ಎಂದು ನಿಜವಾಗಿಯೂ ಗಾಬರಿಯಾಗುವರು. ಡಾಕ್ಟ್ರಣ್ಣ ಎನ್ನುವುದು ಪ್ಲೇಟಿಂಗ್‌ನವರು ಇಟ್ಟ ಹೆಸರು. ಆ ಪುಟವನ್ನು ಕ್ಯಾಂಟೀನಿನ ಬೆಂಚಿನ ಮೇಲೆ ಹರಡಿಕೊಂಡು, ಸುತ್ತ ಕೂತವರಿಗೆ ಅಕ್ಷರ ಅಕ್ಷರವಾಗಿ ಓದಿ ಹೇಳುವುದು ಅವರ ಕೆಲಸ. ಓದಿ ಮುಗಿಸಿದ ಮೇಲೆ ಒಂದು ಮಾತು ಇದ್ದೇ ಇರುತ್ತಿತ್ತು. “ಇದು ನಾನ್ ಏಳ್ತಿಲ್ಲ ಕಣ್ರಪ್ಪ, ವಿಗ್ನಾನಿಗಳು ಏಳ್ತಾವ್ರೆ.”

ಬರೀ ಹೇಳಿ ಬಿಡುವ ಪೈಕಿ ಅಲ್ಲ ಅವರು, ಮಾಡಿಯೂ ಬಿಡುವರು. ಕಾಫಿ ನರಗಳಿಗೆ ಕೆಟ್ಟದ್ದು ಎಂದು ಬಂದ ವಾರ ಕಾಫಿ ಬಿಟ್ಟರು, ಪಕ್ಕದಲ್ಲಿ ಕೂತವರದ್ದನ್ನೂ ಬಿಡಿಸಿದರು. ಕ್ಯಾಂಟೀನಿನವನು ಬಂದು ನನ್ನ ಹತ್ತಿರ ದೂರು ಹೇಳಿದ. ಸ್ವಲ್ಪ ದಿನಕ್ಕೆ ಅದೇ ಪುಟದಲ್ಲಿ, ಮಿತವಾಗಿ ಕುಡಿದರೆ ಕಾಫಿಯಿಂದ ಉಪಯೋಗವೂ ಉಂಟು ಎಂದು ಬಂತು. ಮರುದಿನವೇ ಲೋಟ ಹಿಡಿದುಕೊಂಡು ಕೂತಿದ್ದರು. “ಏನ್ರೀ ಡಾಕ್ಟ್ರಣ್ಣ, ನರ ಏನಾಯ್ತು?” ಎಂದರೆ ನಾಚಿಕೆಯ ಸುಳಿವೇ ಇಲ್ಲ. “ಆ ವಿಸ್ಯ ಇನ್ನೂ ಫೈನಲ್ ಆಗಿಲ್ಲ ಕಣಮ್ಮ” ಎಂದರು.

ಮೊಟ್ಟೆಯ ಕಥೆ ಇದಕ್ಕಿಂತ ದೊಡ್ಡದು. ಹಳದಿ ಭಾಗದಿಂದ ರಕ್ತನಾಳದಲ್ಲಿ ಕೊಬ್ಬು ಕಟ್ಟುತ್ತದೆ ಎಂದು ಓದಿ, ಮನೆಯಲ್ಲಿ ಸಾಕಿದ ಕೋಳಿಯ ಮೊಟ್ಟೆಯಲ್ಲಿ ಬಿಳಿಯನ್ನು ತಾವು ತಿಂದು ಹಳದಿಯನ್ನು ನಾಯಿಗೆ ಹಾಕತೊಡಗಿದರು. ನಾಯಿ ದಷ್ಟಪುಷ್ಟವಾಗಿ ಮೈ ಮಿರಿಮಿರಿ ಮಿಂಚುತ್ತಾ ಬೀದಿಗೇ ಯಜಮಾನನಾಯಿತು. ಅವರು ಇಳಿದುಹೋದರು. ಒಂದು ಗೌರಿಹಬ್ಬಕ್ಕೆ ನನ್ನನ್ನು ಮನೆಗೆ ಕರೆದಿದ್ದಾಗ ಅವರ ಹೆಂಡತಿ ಆ ನಾಯಿಯನ್ನು ತೋರಿಸಿ, “ನೋಡಿ ಮೇಡಮ್ಮ, ನಮ್ಮನೇಲಿ ಯಾರು ಚೆನ್ನಾಗವ್ರೆ ಅಂತ. ಆ ವಿಗ್ನಾನಿಗೋಳ್ಗೆ ಎಂಡ್ರು ಇಲ್ವಾ? ಒಬ್ಳಾದ್ರೂ ಏಳಬಾರ್ದಾ, ಉಣ್ಣಾಕ್ ಬಿಡಿ ಅಂತ?” ಎಂದರು. ಡಾಕ್ಟ್ರಣ್ಣ ಅದನ್ನು ಕೇಳಿಸಿಕೊಂಡೂ ಕೇಳಿಸದವರಂತೆ ಕೋಳಿಗಳ ಕಡೆ ನೋಡುತ್ತಾ ನಿಂತಿದ್ದರು.

ಓಡುವುದು ಹೃದಯಕ್ಕೆ ಒಳ್ಳೆಯದೆಂದು ಬಂದಾಗ, ಬಾಗಲಗುಂಟೆಯಿಂದ ಕಾರ್ಖಾನೆಯ ತನಕ ಓಡಿಕೊಂಡು ಬರಲು ಶುರುಮಾಡಿದರು. ಆ ಕಡೆ ವಯಸ್ಸಾದ ಗಂಡಸು ಬೆಳಿಗ್ಗೆ ರಸ್ತೆಯಲ್ಲಿ ಓಡಿದರೆ ಒಂದೇ ಅರ್ಥ, ಯಾರಿಗೋ ಏನೋ ಆಗಿದೆ. “ಯಾಕಣ್ಣ, ಯಾರ್ಗೆ ಏನಾಯ್ತು?” ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವರು. ಕೆಲವರು ಕೇಳದೆಯೇ ಜೊತೆಯಲ್ಲಿ ಓಡಿಬಂದರು. ಪ್ರತಿಯೊಬ್ಬರಿಗೂ ನಿಂತು ಹೃದಯದ ವಿಷಯ ವಿವರಿಸಿ ಬರುವ ಹೊತ್ತಿಗೆ ಸೈರನ್ ಆಗಿರುತ್ತಿತ್ತು. ತಡವಾಗಿ ಬಂದದ್ದಕ್ಕೆ ಮ್ಯಾನೇಜರು ಬೈದ ಮೇಲೆ ಮತ್ತೆ ನಡೆದುಕೊಂಡು ಬರತೊಡಗಿದರು.

ನಾನು ಅವರಿಗಿಂತ ಬುದ್ಧಿವಂತಳು ಎಂದುಕೊಂಡಿದ್ದೆ. ಒಂದು ಸಲ ಸುದ್ದಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, “ಇದು ನಿಮಗಲ್ಲ, ಇಲಿಗಳ ಮೇಲೆ ಮಾಡಿ ನೋಡಿದ್ದು. ಕೊನೇ ಸಾಲು ಯಾಕೆ ಓದಲ್ಲ ನೀವು?” ಎಂದು ಕೇಳಿದೆ. ಅವರು ಮೂಗು ಒರೆಸಿಕೊಂಡು ಯೋಚಿಸಿ, “ಇಲೀಗೂ ನಮ್ಗೂ ಏನಮ್ಮ ವೆತ್ಯಾಸ? ಅದೂ ನಮ್ ಮೂಟೆ ರಾಗೀನೇ ತಿಂತದೆ” ಎಂದರು. ಅದಿರಲಿ, ಅವರನ್ನು ಇಷ್ಟು ಗೇಲಿ ಮಾಡುತ್ತಿದ್ದ ನಾನೇ ನಮ್ಮ ಅಮ್ಮನ ರಕ್ತದೊತ್ತಡಕ್ಕೆ ಅವರ ಮಾತು ಕೇಳಿ ಮನೆಯಲ್ಲಿ ಉಪ್ಪಿನಕಾಯಿ ಜಾಡಿಯನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದೆ. ಹೀಗೆ ನಗುವುದೂ ನಾನೇ, ನಂಬುವುದೂ ನಾನೇ.

ಇನ್ನು ಮೂಗಿನ ವಿಷಯ ಹೇಳಬೇಕು. ಕ್ರೋಮ್ ಟ್ಯಾಂಕಿನಲ್ಲಿ ಕರೆಂಟು ಹರಿಯುವಾಗ ಸಣ್ಣ ಸಣ್ಣ ಗುಳ್ಳೆ ಎದ್ದು, ಒಡೆದು, ಹಳದಿ ಮಂಜಿನ ಹಾಗೆ ಹೊಗೆ ಮೇಲೆ ಬರುತ್ತದೆ. ಅದನ್ನು ಉಸಿರಾಡಿದವರಿಗೆ ಮೊದಲು ಮೂಗು ಉರಿ, ಆಮೇಲೆ ರಕ್ತ, ಆಮೇಲೆ ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ತೂತು. ತೂತು ಬಿದ್ದ ಮೇಲೆ ಉರಿಯೂ ಇಲ್ಲ, ನೋವೂ ಇಲ್ಲ. ನಮ್ಮ ಪ್ಲೇಟಿಂಗ್‌ನವರು ಇದನ್ನು ಕಾಯಿಲೆ ಎಂದು ತಿಳಿದೇ ಇರಲಿಲ್ಲ. ಕಿವಿ ಚುಚ್ಚಿಸಿದ ಹಾಗೆ ಅದೊಂದು ಶಾಸ್ತ್ರ ಅವರಿಗೆ. ಹೊಸಬನಿಗೆ ತೂತಾದ ದಿನ ಅವನು ಎಲ್ಲರಿಗೂ ಬೋಂಡ ಕೊಡಿಸಬೇಕು. “ಈಗ ಪಕ್ಕಾ ಪ್ಲೇಟರ್ ಆದೆ ಮಗಾ” ಎಂದು ಬೆನ್ನು ತಟ್ಟುವರು. ಹಳಬನೊಬ್ಬ ಒಂದು ಹೊಳ್ಳೆಯಿಂದ ದಾರ ಹಾಕಿ ಇನ್ನೊಂದರಿಂದ ಎಳೆದು ತೋರಿಸಿದ್ದನ್ನು ನೋಡಿ ನಾನು ಆ ದಿನ ಊಟ ಬಿಟ್ಟಿದ್ದೆ. ಡಾಕ್ಟ್ರಣ್ಣನಿಗೂ ಎಂದೋ ತೂತು ಬಿದ್ದಿತ್ತು. ಅವರಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಆ ಗೌರಿಹಬ್ಬದ ದಿನವೇ. ಒಲೆಯ ಮೇಲೆ ಹೋಳಿಗೆ ಸೀದು ಮನೆಯೆಲ್ಲ ಹೊಗೆವಾಸನೆ ತುಂಬಿದ್ದರೂ ಅವರು ಪಕ್ಕದಲ್ಲೇ ಆರಾಮವಾಗಿ ಕೂತು, ಬೆಳ್ಳುಳ್ಳಿಯ ಗುಣಗಳನ್ನು ನನಗೆ ಹೇಳುತ್ತಿದ್ದರು.

ಹೊಗೆಗೆ ಕಂಪನಿ ಕೊಡುತ್ತಿದ್ದ ಮದ್ದು ಹಾಲು. ಆ ಕಾಲದಲ್ಲಿ ಆ ಕಡೆಯ ಕಾರ್ಖಾನೆಗಳಲ್ಲಿ ಅದೊಂದು ಪದ್ಧತಿ. ಪಾಲಿಶಿಂಗ್‌ನ ಧೂಳಿನಲ್ಲಿ ಕೆಲಸ ಮಾಡುವವರಿಗೆ ಬೆಲ್ಲದಚ್ಚು, ಆಸಿಡ್ ಹೊಗೆಯಲ್ಲಿ ನಿಲ್ಲುವವರಿಗೆ ಹಾಲು. ಬೆಲ್ಲ ಧೂಳನ್ನು ಇಳಿಸುತ್ತದೆ, ಹಾಲು ವಿಷ ಮುರಿಯುತ್ತದೆ ಎಂದು ಎಲ್ಲರೂ ನಂಬಿದ್ದರು, ಅಥವಾ ನಂಬಿದವರ ಹಾಗೆ ಇದ್ದರು. ಕ್ಯಾಂಟೀನಿನವನು ಹಾಲು ಕಾಯಿಸಿ ಸಂಜೆ ಶಿಫ್ಟ್ ಬಿಡುವ ಮೊದಲು ಅಳೆದು ಕೊಡುವನು. ಕುಡಿಯುವವರು ಯಾರೂ ಇರಲಿಲ್ಲ. ಎಲ್ಲರ ಹತ್ತಿರವೂ ಮುಚ್ಚಳದ ಡಬ್ಬಿ ಇತ್ತು. ಹಾಲು ಅದರೊಳಗೆ ಹೋಗಿ, ಅಲ್ಲಿಂದ ಬಾಗಲಗುಂಟೆಯ, ದಾಸರಹಳ್ಳಿಯ ಮಕ್ಕಳ ಹೊಟ್ಟೆಗೆ ಹೋಗುತ್ತಿತ್ತು. ಮ್ಯಾನೇಜರಿಗೂ ಇದು ಗೊತ್ತಿತ್ತು, ಕೇಳಲು ಹೋಗುತ್ತಿರಲಿಲ್ಲ. ಡಾಕ್ಟ್ರಣ್ಣನ ಮನೆಯಲ್ಲೂ ಆ ವರ್ಷ ಒಂದು ಕೂಸಿತ್ತು. ಒಬ್ಬಳೇ ಮಗಳು ಬಾಣಂತನಕ್ಕೆ ಬಂದಿದ್ದಳು. ಅವಳಿಗೆ ಎದೆಹಾಲು ಸಾಲದೆ ಕೂಸು ಕಂಪನಿ ಹಾಲಿನ ಮೇಲೇ ಬೆಳೆಯುತ್ತಿತ್ತು. ಅಳಿಯ ನಮ್ಮಲ್ಲೇ ನಿಕ್ಕಲ್ ಟ್ಯಾಂಕಿಗೆ ಸೇರಿ ಅವರ ಮನೆಯಲ್ಲೇ ಇದ್ದ. ನಿಕ್ಕಲ್‌ನವನಿಗೂ ಹಾಲು ಇತ್ತು, ಹೀಗಾಗಿ ಮನೆಗೆ ದಿನಾ ಎರಡು ಡಬ್ಬಿ ಹೋಗುತ್ತಿತ್ತು.

ಒಂದು ವಾರ ಅವರು ಪುಟ ತೆಗೆದುಕೊಂಡು ಹೋದವರು ಕ್ಯಾಂಟೀನಿನಲ್ಲಿ ಓದದೆ, ಮತ್ತೆ ನನ್ನ ಮೇಜಿನ ಹತ್ತಿರವೇ ಬಂದು ನಿಂತರು. ಅದರಲ್ಲಿ ವೈದ್ಯರೊಬ್ಬರು ಕಾರ್ಖಾನೆಯ ಕೆಲಸಗಾರರ ಆರೋಗ್ಯದ ಬಗ್ಗೆ ಬರೆದಿದ್ದರು. ಕ್ರೋಮಿಯಂ ಹೊಗೆಯಿಂದ ಮೂಗಿನಲ್ಲಿ ಹುಣ್ಣಾಗಿ ತೂತು ಬೀಳುತ್ತದೆ, ಶ್ವಾಸಕೋಶಕ್ಕೂ ಕೆಡುಕು. ಹಾಲು, ಬೆಲ್ಲ ಇದಕ್ಕೆ ಮದ್ದಲ್ಲ. ಟ್ಯಾಂಕಿನ ಬಾಯಿಯಲ್ಲೇ ಹೊಗೆಯನ್ನು ಎಳೆದು ಹೊರಗೆ ಹಾಕುವ ಫ್ಯಾನು ಇರಬೇಕು. ಇಷ್ಟೇ ಸಾರಾಂಶ.

“ಮೇಡಮ್ಮೋರೇ, ನೀವೊಂದ್ಸಲ ಓದಿ. ನಾನ್ ಓದಿದ್ದು ಸರೀನಾ ನೋಡಿ.”

ಓದಿದೆ. ಸರಿಯಾಗಿಯೇ ಓದಿದ್ದರು.

“ಇದ್ರಲ್ಲಿ ಇಲಿ ಇಲ್ಲ ಕಣಮ್ಮ” ಎಂದರು. “ನಾವೇ ಇರೋದು.”

ಇಷ್ಟು ವರ್ಷ ಪರದೇಶದ ಯಾರದ್ದೋ ಹೃದಯ, ಯಾರದ್ದೋ ಪಿತ್ತಕೋಶದ ಸುದ್ದಿ ಓದಿದವರಿಗೆ ಮೊದಲ ಸಲ ತಮ್ಮದೇ ಸುದ್ದಿ ಸಿಕ್ಕಿತ್ತು. ಅದನ್ನು ನಂಬುವುದೋ ಬೇಡವೋ ತಿಳಿಯದೆ ಪುಟವನ್ನು ಮಡಚಿ ಮತ್ತೆ ಬಿಡಿಸಿದರು. “ಬೋಂಡ ಕೊಡ್ಸಿದ್ವಲ್ಲಮ್ಮ ಇದಕ್ಕೆ” ಎಂದರು ಆಮೇಲೆ. ನಾನು ನಗಬೇಕೆಂದುಕೊಂಡೆ, ನಗು ಬರಲಿಲ್ಲ.

ನೇರವಾಗಿ ಮ್ಯಾನೇಜರ ಕೋಣೆಗೆ ಹೋದರು. ಅವರು ಕೇಳಲು ಹೋದದ್ದು ಫ್ಯಾನು. ಮ್ಯಾನೇಜರು ಪುಟವನ್ನು ಓದಿ, ಬಹಳ ಒಳ್ಳೆಯ ವಿಷಯ, ಮಾಲೀಕರಿಗೆ ತೋರಿಸುತ್ತೇನೆ ಎಂದು ಇಟ್ಟುಕೊಂಡರು. ಡಾಕ್ಟ್ರಣ್ಣ ಹೊರಗೆ ಬರುವಾಗ ಮುಖ ಅರಳಿತ್ತು. ಮುಂದಿನ ವಾರ ನನ್ನ ಮೇಜಿಗೆ ಒಂದು ನೋಟೀಸು ಟೈಪಿಗೆ ಬಂತು. ಹಾಲಿನಿಂದ ಕೆಲಸಗಾರರ ಆರೋಗ್ಯಕ್ಕೆ ಪ್ರಯೋಜನವಿಲ್ಲವೆಂದು ವೈದ್ಯರು ಅಭಿಪ್ರಾಯಪಟ್ಟಿರುವುದರಿಂದ ಸೋಮವಾರದಿಂದ ಹಾಲು ಕೊಡುವುದನ್ನು ನಿಲ್ಲಿಸಲಾಗಿದೆ. ಫ್ಯಾನಿನ ಸುದ್ದಿಯೇ ಅದರಲ್ಲಿ ಇರಲಿಲ್ಲ.

ಪ್ಲೇಟಿಂಗ್ ಶಾಪಿನಲ್ಲಿ ಅವರ ಮೇಲೆ ಬಿದ್ದ ಸಿಟ್ಟನ್ನು ನಾನು ಮರೆತಿಲ್ಲ. ಬೆಂಚಿನಲ್ಲಿ ಅವರ ಪಕ್ಕ ಯಾರೂ ಕೂರಲಿಲ್ಲ. “ನಿನ್ ಪೇಪರ್ ಓದಿ ನಮ್ ಮಕ್ಕಳ್ ಬಾಯಿಗೆ ಮಣ್ಣಾಕ್ದೆ ಕಣಣ್ಣ” ಎಂದು ಜೊತೆಗೆ ಕೆಲಸ ಮಾಡುವವನೇ ಮುಖಕ್ಕೆ ಹೇಳಿದ. ಮನೆಯಲ್ಲಿ ಹೆಂಡತಿ ಮಾತು ಬಿಟ್ಟರು. ಕ್ಯಾಂಟೀನಿನಲ್ಲಿ ಡಾಕ್ಟ್ರಣ್ಣ ಒಬ್ಬರೇ ಗೋಡೆಯ ಕಡೆ ಮುಖ ಮಾಡಿ ಮುದ್ದೆ ನುಂಗುತ್ತಿದ್ದರು. ಸತ್ಯ ಹೇಳಿದವರ ಮೇಲೆ ಸಿಟ್ಟಾಗುವುದು ಅನ್ಯಾಯ ಎಂದು ನಾನು ಒಬ್ಬಿಬ್ಬರ ಹತ್ತಿರ ವಾದಿಸಿದೆ. “ನಿಮ್ಮನೇಲಿ ಮಕ್ಳವಾ ಮೇಡಂ?” ಎಂದು ಕೇಳಿದರು. ನನಗೆ ಆಗ ಮದುವೆಯೇ ಆಗಿರಲಿಲ್ಲ.

ಕೆಲಸಗಾರರೆಲ್ಲ ಸೇರಿ ಗಲಾಟೆ ಮಾಡಿದ ಮೇಲೆ ಮಾಲೀಕರೇ ಒಂದು ದಿನ ಬರುತ್ತೇನೆ ಎಂದರು. ಅವರು ಮಾತಿನಲ್ಲಿ ಬಹಳ ಮೃದು, ಲೆಕ್ಕದಲ್ಲಿ ಗಟ್ಟಿ. ಬರುವ ಮೊದಲೇ ಮ್ಯಾನೇಜರ ಮೂಲಕ ಹೇಳಿ ಕಳಿಸಿದ್ದರು. ಹಾಲು ಕೆಲಸ ಮಾಡುತ್ತದೆ ಎನ್ನುವುದಾದರೆ ಫ್ಯಾನು ಏತಕ್ಕೆ, ಮಾಡುವುದಿಲ್ಲ ಎನ್ನುವುದಾದರೆ ಹಾಲು ಏತಕ್ಕೆ? ಆ ಕ್ರೋಮ್ ಟ್ಯಾಂಕಿನವರೇ ತಾನೆ ಪೇಪರ್ ತಂದು ತೋರಿಸಿದ್ದು, ಅವರೇ ಎಲ್ಲರ ಮುಂದೆ ಒಂದು ಹೇಳಲಿ, ಹಾಗೇ ಮಾಡೋಣ. ಹಾಲಾದರೆ ನಾಳೆಯಿಂದಲೇ, ಫ್ಯಾನಾದರೆ ಮುಂದಿನ ವರ್ಷ ನೋಡೋಣ.

ಮಾಲೀಕರು ಬರುವ ದಿನ ಬೆಳಿಗ್ಗೆ ಡಾಕ್ಟ್ರಣ್ಣ ನನ್ನ ಮೇಜಿನ ಹತ್ತಿರ ಬಂದರು. ಬೂಟು ಬಿಡುವುದನ್ನೂ ಮರೆತಿದ್ದರು.

“ನೀವೇ ಏಳಿ ಮೇಡಮ್ಮೋರೇ. ಏನಂತ ಏಳ್ಲಿ? ಆಲು ಅಂದ್ರೆ ಸುಳ್ಳು. ಆಮೇಕೆ ಫ್ಯಾನ್ ಕೇಳಂಗಿಲ್ಲ, ಉಡುಗ್ರ ಮೂಗೆಲ್ಲ ಓಯ್ತದೆ. ಫ್ಯಾನ್ ಅಂದ್ರೆ ನಿಜ. ಅದು ಬರೋ ಒತ್ಗೆ ಕೂಸುಗೋಳು ಏನ್ ಕುಡೀತವೆ?”

“ಎರಡೂ ಬೇಕು ಅನ್ನಿ.”

“ಎಲ್ಡೂ ಅನ್ನೋದ್ಕೆ ಅವ್ರು ಬಾಗ್ಲು ಆಕವ್ರಲ್ಲಮ್ಮ.”

ನಾನು ಟೈಪ್‌ರೈಟರಿನ ಕಡೆ ನೋಡುತ್ತಾ ಕೂತೆ. ಫ್ಯಾನು ಎಂದು ಹೇಳಬೇಕೆನಿಸಿತು, ಬಾಯಿ ಬರಲಿಲ್ಲ. ಹಾಲು ಎಂದು ಹೇಳಬೇಕೆನಿಸಿತು, ಅದಕ್ಕೂ ಬಾಯಿ ಬರಲಿಲ್ಲ. “ನಂಗೆ ಗೊತ್ತಾಗ್ತಿಲ್ಲ ಡಾಕ್ಟ್ರಣ್ಣ” ಎಂದೆ. ಇವತ್ತು ಕೇಳಿದರೂ ಅಷ್ಟೇ ಹೇಳುತ್ತೇನೆ.

ಕ್ಯಾಂಟೀನಿನಲ್ಲಿ ಎಲ್ಲರೂ ನಿಂತಿದ್ದರು. ಮಾಲೀಕರು ಕುರ್ಚಿಯಲ್ಲಿ ಕೂತು, ನಗುತ್ತಲೇ, “ಹೇಳಿ ಯಜಮಾನ್ರೇ, ಹಾಲು ಕುಡಿದ್ರೆ ಏನಾದ್ರೂ ಉಪಯೋಗ ಇದೆಯಾ?” ಎಂದು ಕೇಳಿದರು. ಡಾಕ್ಟ್ರಣ್ಣ ಮಣಿಕಟ್ಟನ್ನು ಮೂಗಿನ ತನಕ ಎತ್ತಿದವರು ಹಾಗೇ ಇಳಿಸಿದರು. ಒಂದು ಸಲ ಜೊತೆಯವರ ಕಡೆ ನೋಡಿದರು.

“ಐತೆ ಸಾರ್. ಆಲು ಕುಡದ್ರೆ ಮೂಗಿನ್ ಉರಿ ಇಳೀತದೆ. ಎದೆ ತಿಳಿಯಾಯ್ತದೆ. ನಾನೇ ಕುಡ್ದು ಕಂಡಿವ್ನಿ.”

“ಮತ್ತೆ ಪೇಪರಲ್ಲಿ ಬಂದಿದ್ದು?”

“ಪೇಪರ್ನೋರು ಈ ಟ್ಯಾಂಕ್ ಮುಂದೆ ನಿಂತಿಲ್ಲವಲ್ಲ ಸಾರ್.”

ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಹಾಲು ಬಂತು. ಬೆಂಚಿನಲ್ಲಿ ಅವರ ಎರಡೂ ಪಕ್ಕ ಜನ ಕೂತರು. ಫ್ಯಾನಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ, ನಾನು ಕೆಲಸ ಬಿಡುವ ತನಕವೂ ಅದು ಬರಲಿಲ್ಲ. ಆರೋಗ್ಯದ ಪುಟ ಬಂದ ದಿನ ಅವರು ಕೇಳಲು ಬರಲಿಲ್ಲ. ನಾನೇ ತೆಗೆದುಕೊಂಡು ಹೋಗಿ ಕೊಟ್ಟರೆ, “ಕಣ್ಣು ಸರ್ಯಾಗಿ ಕಾಣಾಕಿಲ್ಲ ಕಣಮ್ಮ, ನೀವೇ ಮಡಿಕ್ಕಳಿ” ಎಂದರು. ಹಾಗೆ ಹೇಳುವಾಗ ಸಣ್ಣ ಅಕ್ಷರದ ಕೆಮಿಕಲ್ ಲೇಬಲ್ ಒಂದನ್ನು ಓದುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು. ಯಾತಕ್ಕೆ ಸಿಟ್ಟು ಎಂದು ಕೇಳಿದರೆ ಅದೂ ಗೊತ್ತಿಲ್ಲ. ನಿಜ ಹೇಳಿದಾಗ ಕೆಟ್ಟದ್ದಾಯಿತು, ಸುಳ್ಳು ಹೇಳಿದಾಗ ಒಳ್ಳೆಯದಾಯಿತು, ಮತ್ತೆ ಅವರು ಏನು ಮಾಡಬೇಕಾಗಿತ್ತು?

ಕೆಲವು ತಿಂಗಳಾದ ಮೇಲೆ ಅಳಿಯನನ್ನು ನಿಕ್ಕಲ್‌ನಿಂದ ಎರಡನೇ ಕ್ರೋಮ್ ಟ್ಯಾಂಕಿಗೆ ಹಾಕಿದರು. ಮೆತ್ತಗಿನ ಹುಡುಗ, ಮಾತು ಕಡಿಮೆ. ಅವರ ಕಡೆ ಮಾವ ಅಳಿಯ ಎದುರೆದುರು ನಿಂತು ಸಲೀಸಾಗಿ ಮಾತನಾಡುವ ರೂಢಿಯಿಲ್ಲ. ಒಂದೇ ಮನೆಯಲ್ಲಿದ್ದು, ಅಕ್ಕಪಕ್ಕದ ಟ್ಯಾಂಕಿನಲ್ಲಿ ನಿಂತರೂ, ಏನು ಹೇಳುವುದಿದ್ದರೂ ಅತ್ತೆಯ ಮೂಲಕವೋ ಮಗಳ ಮೂಲಕವೋ. ಸ್ವಲ್ಪ ದಿನಕ್ಕೆ ಹುಡುಗನ ಕರವಸ್ತ್ರದಲ್ಲಿ ರಕ್ತದ ಕಲೆ ಕಾಣತೊಡಗಿತು. ಜೊತೆಯವರು ಬೋಂಡದ ದಿನ ಹತ್ತಿರ ಬಂತು ಎಂದು ರೇಗಿಸುತ್ತಿದ್ದರು. ಅದೇ ಹೊತ್ತಿಗೆ ಅವನು ಸಂಜೆಯ ಹಾಲನ್ನು ಮನೆಗೆ ಒಯ್ಯುವುದನ್ನು ಬಿಟ್ಟ. ಟ್ಯಾಂಕಿನ ಪಕ್ಕದಲ್ಲೇ ನಿಂತು, ಕಣ್ಣು ಮುಚ್ಚಿ, ಔಷಧಿ ಕುಡಿದ ಹಾಗೆ ಪೂರ್ತಿ ಕುಡಿಯತೊಡಗಿದ. ಸಂಬಳದ ದಿನ ಸಹಿ ಹಾಕಲು ಬಂದಾಗ ನಾನೇ ಕೇಳಿದೆ, “ಮಗೂಗೆ ಬೇಡ್ವೇನಪ್ಪ?”

“ಬೇಕು ಮೇಡಂ. ಆದ್ರೆ ಮೂಗಲ್ಲಿ ರಕ್ತ ನಿಲ್ತಿಲ್ಲ. ಆಲು ಕುಡುದ್ರೆ ನಿಲ್ತದೆ ಅಂತ ಅವತ್ತು ನಮ್ಮಾವೋರೇ ಅಷ್ಟ್ ಜನದ್ ಮುಂದೆ ಏಳುದ್ರಲ್ಲ.”

ಅಂದು ಚಪ್ಪಾಳೆ ತಟ್ಟಿದವರಿಗೆಲ್ಲ ಅದು ಸುಳ್ಳೆಂದು ಗೊತ್ತಿತ್ತು. ಮಾಲೀಕರಿಗೂ ಗೊತ್ತಿತ್ತು. ನಂಬಿದವನು ಇವನೊಬ್ಬನೇ. ಮಾವನ ಮಾತನ್ನು ಅನುಮಾನಿಸುವುದು ಅವನಿಗೆ ಹೊಳೆದೇ ಇರಲಿಲ್ಲ. ಮಧ್ಯಾಹ್ನ ಹೋಗಿ ಡಾಕ್ಟ್ರಣ್ಣನಿಗೆ ಹೇಳಿದೆ. ಅವರಿಗೆ ಆಗಲೇ ತಿಳಿದಿತ್ತು. ಪಕ್ಕದಲ್ಲೇ ನಿಂತು ದಿನಾ ಅವನು ಕುಡಿಯುವುದನ್ನು ನೋಡುತ್ತಿದ್ದವರಲ್ಲವೇ. “ನಾನ್ ಏಳಿದ್ದು ಸುಳ್ಳು ಕಣಪ್ಪ ಅಂತ ಅಳೀನ್ಗೆ ಎಂಗಮ್ಮ ಏಳ್ಲಿ?” ಎಂದರು. “ನೀವ್ ಏಳ್ತೀರಾ?” ಎಂದು ಕೇಳಿ, ನಾನು ಬಾಯಿ ತೆಗೆಯುವ ಮೊದಲೇ, “ಬ್ಯಾಡ ಬಿಡಿ. ಅವ್ನು ನಂಬಾಕಿಲ್ಲ, ನನ್ ಮಾತೇ ನಂಬ್ತಾನೆ” ಎಂದರು.

ಮರುದಿನ ಮ್ಯಾನೇಜರ ಕೋಣೆಗೆ ಬಂದರು. ನಾನು ಅಲ್ಲೇ ಕೂತು ಪತ್ರ ಬರೆದುಕೊಳ್ಳುತ್ತಿದ್ದೆ. ಅಳಿಯನನ್ನು ಪ್ಯಾಕಿಂಗ್‌ಗೆ ಹಾಕಿ ಎಂದು ಕೇಳಿದರು. ಪ್ಯಾಕಿಂಗ್‌ನಲ್ಲಿ ಹೊಗೆ ಇಲ್ಲ, ಹಾಲೂ ಇಲ್ಲ. ಮ್ಯಾನೇಜರು ಆಗುವುದಿಲ್ಲ ಎಂದರು. ಎರಡನೇ ಟ್ಯಾಂಕಿಗೆ ನಿಲ್ಲಲು ಜನ ಎಲ್ಲಿದ್ದಾರೆ?

“ನಾನೇ ನಿಂತ್ಕಂತೀನಿ ಸಾರ್. ಎಲ್ಡೂ ನಾನೇ ನೋಡ್ಕಂತೀನಿ.”

“ಈ ವಯಸ್ಸಲ್ಲಿ ಎರಡು ಟ್ಯಾಂಕಿನ ಹೊಗೆ ತಡೀತೀರೇನ್ರೀ? ನಾಳೆ ಏನಾದ್ರೂ ಆದ್ರೆ?”

“ನಂಗೇನಾಯ್ತದೆ ಸಾರ್” ಎಂದರು ಡಾಕ್ಟ್ರಣ್ಣ. “ನಾನು ಆಲು ಕುಡೀತೀನಲ್ಲ.”

ನಾನು ಪೆನ್ಸಿಲ್ ನಿಲ್ಲಿಸಿ ಅವರ ಮುಖ ನೋಡಿದೆ, ನಗುತ್ತಿದ್ದಾರೋ ಎಂದು. ನಗುತ್ತಿರಲಿಲ್ಲ. ಮ್ಯಾನೇಜರನ್ನು ಅಣಕಿಸಿದರೋ, ಮಾತಿಗೊಂದು ಮಾತು ಹೇಳಿದರೋ, ತಾವು ಹೇಳಿದ ಸುಳ್ಳನ್ನು ಅಷ್ಟು ಹೊತ್ತಿಗೆ ತಾವೇ ನಂಬಿಬಿಟ್ಟಿದ್ದರೋ, ನನಗೆ ಇಂದಿಗೂ ಬಗೆಹರಿದಿಲ್ಲ. ಮ್ಯಾನೇಜರು ಒಪ್ಪಿದರು, ನಾನು ಆರ್ಡರ್ ಟೈಪ್ ಮಾಡಿದೆ.

ಮುಂದಿನ ಸೋಮವಾರ ಸಂಜೆ ಶಿಫ್ಟ್ ಬಿಟ್ಟಾಗ ನಾನು ಗೇಟಿನ ಹತ್ತಿರ ನಿಂತಿದ್ದೆ. ಪ್ಯಾಕಿಂಗ್‌ನವರ ಜೊತೆ ಅಳಿಯ ಬರಿಗೈಯಲ್ಲಿ ಮುಂದೆ ಹೋದ. ಎರಡು ಟ್ಯಾಂಕು ನೋಡಿಕೊಂಡು ಹೊರಗೆ ಬಂದ ಡಾಕ್ಟ್ರಣ್ಣ ಗೇಟಿನ ಪಕ್ಕದ ಗೋಡೆ ಹಿಡಿದು ನಿಂತು, ಬಹಳ ಹೊತ್ತು ಕೆಮ್ಮಿದರು. ಕೆಮ್ಮುವಷ್ಟು ಹೊತ್ತೂ ಇನ್ನೊಂದು ಕೈಯನ್ನು ಮೈಯಿಂದ ದೂರ ಚಾಚಿ, ಡಬ್ಬಿ ಅಲುಗದ ಹಾಗೆ ಹಿಡಿದಿದ್ದರು. ಆಮೇಲೆ ಮುಚ್ಚಳ ತೆಗೆದು ಒಳಗೆ ನೋಡಿದರು. ಹಾಲು ಕಂಠದವರೆಗೂ ಇತ್ತು. ಮುಚ್ಚಳ ಒತ್ತಿ ಹಾಕಿ, ಅಳಿಯ ಹೋದ ದಾರಿಯಲ್ಲೇ ಸ್ವಲ್ಪ ಹಿಂದೆ, ಮನೆ ಕಡೆ ನಡೆದರು.